ಖಾಕಿಯಲ್ಲಿ ಬೀಗರ ಮನೆಗೆ

ಆ ವರ್ಷ ಗಣಪತಿ ಹಬ್ಬ ಕಳೆಯುವ ಹೊತ್ತಿಗೆ ನಮ್ಮ ಕಂಪನಿಯಲ್ಲಿ ಬಸ್ಸುಗಳಿಗಿಂತ ಡ್ರೈವರುಗಳು ಕಡಿಮೆಯಾದರು. ಬಸ್ಸು ನಾಲ್ಕು, ಡ್ರೈವರು ಮೂರು. ಮೊದಲು ಐವರಿದ್ದರು. ನಾಲ್ವರು ಓಡಿಸುವುದಕ್ಕೆ, ಐದನೆಯವನು ಯಾರಿಗಾದರೂ ಜ್ವರ, ಮದುವೆ, ಸಾವು ಅಂತ ಬಂದರೆ ಆ ಜಾಗಕ್ಕೆ. ಶರಾವತಿಗೆ ಅಣೆಕಟ್ಟು ಕಟ್ಟುವಲ್ಲಿ ಲಾರಿ ಓಡಿಸುವವರು ಬೇಕಂತೆ ಎಂಬ ಸುದ್ದಿ ಬಂದದ್ದೇ ತಡ, ಇಬ್ಬರು ಒಂದೇ ವಾರದಲ್ಲಿ ಖಾಲಿಯಾದರು. ಒಬ್ಬ ಹೇಳಿ ಹೋದ. ಇನ್ನೊಬ್ಬ ಬಸ್ಸಿನ ಕೀಲಿಯನ್ನು ನನ್ನ ಮೇಜಿನ ಮೇಲಿಟ್ಟು, "ಟೀ ಕುಡಿದು ಬರ್ತೀನಿ ರೈಟ್ರೇ" ಎಂದು ಹೋದವನು ಆ ಟೀಯನ್ನು ಅಣೆಕಟ್ಟಿನ ಹತ್ತಿರದ ಕಾರ್ಗಲ್ಲಿನಲ್ಲಿ ಕುಡಿದ.

ನಾನು ಶಿಕಾರಿಪುರದ ಸ್ಟ್ಯಾಂಡಿನಲ್ಲಿ ಕಂಪನಿಯ ರೈಟರು. ಹೆಸರಿಗೆ ರೈಟರು, ಬರೆಯುತ್ತಿದ್ದದ್ದು ಹೆಚ್ಚಾಗಿ ಸೀಮೆಸುಣ್ಣದಲ್ಲಿ. ಟಿಕೆಟ್ಟು ಕೊಡುವ ಕಿಟಕಿಯ ಪಕ್ಕ ಗೋಡೆಗೆ ಒಂದು ಕರಿಹಲಗೆ ಹೊಡೆಸಿದ್ದೆ. ಎಡಗಡೆ ಗಾಡಿಗಳು, ಬಲಗಡೆ ಅವತ್ತಿನ ಡ್ರೈವರುಗಳ ಹೆಸರು, ಕೆಳಗೆ ಒಂದು ಮೂಲೆಯಲ್ಲಿ 'ರಜ' ಎಂಬ ಮನೆ. ಸಂಜೆ ಒದ್ದೆ ಬಟ್ಟೆಯಲ್ಲಿ ಒರೆಸಿ ಮರುದಿನದ್ದು ಬರೆಯುವುದು ನನ್ನ ಕೆಲಸ. ಅದನ್ನು ನಾನು ಒಂದು ವಿದ್ಯೆ ಎಂದೇ ತಿಳಿದಿದ್ದೆ. ಯಾವ ಗಾಡಿ ಎಲ್ಲಿ ಎಷ್ಟು ಹೊತ್ತಿಗೆ ಇರುತ್ತದೆಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಓಡಿಸುವವನು ಆಗ ಹೇಗಿರುತ್ತಾನೆ ಎಂದು ಯಾರೂ ಕೇಳುತ್ತಿರಲಿಲ್ಲ, ನಾನೂ ಯೋಚಿಸಿರಲಿಲ್ಲ.

ಇಬ್ಬರು ಹೋದ ದಿನವೇ ಮಾಲೀಕರ ಮುಂದೆ ನಿಂತೆ. ಅವರಿಗೆ ಅಕ್ಕಿ ಗಿರಣಿಯೂ ಇತ್ತು. ಮೈಮೇಲೆ ಯಾವಾಗಲೂ ತೌಡಿನ ಪುಡಿ. ಬಂದಳಿಕೆ ಗಾಡಿಯನ್ನು ಹೊಸ ಡ್ರೈವರು ಸಿಗುವ ತನಕ ನಿಲ್ಲಿಸೋಣ ಎಂದೆ.

"ನಿಲ್ಸಿದ್ರೆ ಪರ್ಮಿಟ್ ಹೋಗ್ತದ್ರೀ," ಎಂದರು. "ಶಿರಾಳಕೊಪ್ಪದಾಗೆ ಇನ್ನೊಬ್ಬ ಬಾಯಿ ತಕ್ಕೊಂಡು ಕುಂತಾನೆ. ಒಂದು ವಾರ ಗಾಡಿ ಕಾಣ್ಲಿಲ್ಲ ಅಂದ್ರೆ ಅರ್ಜಿ ಹಾಕ್ತಾನೆ. ನೀವು ಜಾಣರು, ಹೆಂಗಾರ ಹೊಂದಿಸ್ರಿ."

ಜಾಣರು ಎಂಬ ಮಾತು ನನ್ನನ್ನು ಕೆಡಿಸಿತು. ಬಾಲ ಇದ್ದಿದ್ದರೆ ಅಲ್ಲಾಡಿಸುತ್ತಿದ್ದೆ. ಹಲಗೆಯ ಮುಂದೆ ಕೂತು ಮೂವರಿಂದ ನಾಲ್ಕು ಗಾಡಿ ಓಡಿಸುವ ಲೆಕ್ಕ ಹಾಕಿದೆ. ಶಿವಮೊಗ್ಗಕ್ಕೆ ಹೋಗಿ ಬಂದವನು ಊಟ ಮಾಡಿ ಅದೇ ಬೆವರಿನಲ್ಲಿ ಉಳವಿ ಗಾಡಿ ಹತ್ತುವುದು. ಅದು ಶಿರಾಳಕೊಪ್ಪ, ಸೊರಬದ ಮೇಲೆ ಹೋಗಿ ಉಳವಿಯಲ್ಲಿ ರಾತ್ರಿ ಹಾಲ್ಟು ಮಾಡಿ ಬೆಳಿಗ್ಗೆ ಹಿಂದಕ್ಕೆ ಬರುವ ಗಾಡಿ. ಹಾಗೆ ಬಂದವನು ಮಧ್ಯಾಹ್ನ ಬಂದಳಿಕೆಗೆ. ಮೂರನೆಯವನು ಸೊರಬ ಶಿಕಾರಿಪುರದ ಮಧ್ಯೆ ಮಗ್ಗದ ಲಾಳಿಯ ಹಾಗೆ ಓಡಾಡುವುದು. ಸರದಿಯಂತೆ ಮೂವರೂ ತಿರುಗುತ್ತಾ ಹೋದರೆ ಎಲ್ಲರಿಗೂ ಉಳವಿಯ ಹಾಲ್ಟು ಸಿಗುತ್ತದೆ, ಹಾಲ್ಟು ಎಂದರೆ ರಾತ್ರಿಯಿಡೀ ವಿಶ್ರಾಂತಿ. ಹಲಗೆಯ ಮೇಲೆ ಅದು ಎಷ್ಟು ಅಚ್ಚುಕಟ್ಟಾಗಿ ಕೂತಿತೆಂದರೆ ನಾನೇ ಎರಡು ಹೆಜ್ಜೆ ಹಿಂದೆ ಸರಿದು ನೋಡಿ ಮೆಚ್ಚಿಕೊಂಡೆ.

ಮೊದಲ ಹದಿನೈದು ದಿನ ಅವರು ಗೊಣಗಲಿಲ್ಲ. ಆಮೇಲೆ ಒಂದೊಂದೇ ಬದಲಾಯಿತು. ಬೆಳಿಗ್ಗೆ ಗಾಡಿಯ ಮೂತಿಗೆ ಸೇವಂತಿಗೆ ಮಾಲೆ ಹಾಕಿ ಊದಿನಕಡ್ಡಿ ಸಿಕ್ಕಿಸಿ ಹೊರಡುವುದು ಪದ್ಧತಿ. ಮಾಲೆ ಹೋಗಿ ಬರೀ ಒಂದು ಹೂವಾಯಿತು, ಹೂವೂ ಹೋಗಿ ನಿನ್ನೆಯ ಊದಿನಕಡ್ಡಿಯ ಮೋಟು ಉಳಿಯಿತು. ಎದುರುಬದುರು ಸಿಕ್ಕಿದಾಗ ಗಾಡಿ ನಿಲ್ಲಿಸಿ ಕಿಟಕಿಯಿಂದ ಕಿಟಕಿಗೆ ಎಲೆ ಅಡಿಕೆ ದಾಟಿಸಿ, ಪ್ರಯಾಣಿಕರು ಬೈಯುವ ತನಕ ಹರಟುತ್ತಿದ್ದವರು ಈಗ ಬರೀ ಹಾರ್ನು ಹೊಡೆದು ಮುಂದೆ ಹೋಗುತ್ತಿದ್ದರು. ನನ್ನ ಮೇಜಿನ ಹತ್ತಿರ ಬಂದು "ನಿಮ್ಮ ಗಡಿಯಾರಕ್ಕೆ ಜ್ವರ ಬಂದೈತೆ ರೈಟ್ರೇ" ಎಂದು ಕಾಲೆಳೆಯುವುದೂ ನಿಂತಿತು. ನಗು ನಿಂತದ್ದು ನನಗೆ ಗೊತ್ತಾಯಿತು. ಆದರೆ ಗಾಡಿಗಳು ಹೊತ್ತಿಗೆ ಸರಿಯಾಗಿ ಬರುತ್ತಿದ್ದವಲ್ಲ, ಅದೇ ಸಾಕೆಂದುಕೊಂಡೆ.

ಮೂವರಲ್ಲಿ ಹಿರಿಯ ಡ್ರೈವರು ಶಿಕಾರಿಪುರದವರೇ. ತೆಳ್ಳಗಿನ ಮನುಷ್ಯ, ಹಣೆಯಲ್ಲಿ ವಿಭೂತಿ, ಖಾಕಿ ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಳ್ಳುತ್ತಿದ್ದರು. ಗಂಡುಮಕ್ಕಳಿಲ್ಲ, ಅಣ್ಣತಮ್ಮಂದಿರಿಲ್ಲ, ಒಬ್ಬಳೇ ಮಗಳು. ಅವಳನ್ನು ಉಳವಿಗೇ ಕೊಟ್ಟಿದ್ದರು. ಮಹಾನವಮಿಗೆ ಸ್ವಲ್ಪ ಮುಂಚೆ ಅವರು ನನ್ನ ಕಿಟಕಿಯ ಹತ್ತಿರ ಬಂದು ಟೋಪಿ ಕೈಯಲ್ಲಿ ಹಿಡಿದು ನಿಂತರು.

"ಮಗಳಿಗೆ ಏಳರಾಗೆ ಬಿದ್ದೈತ್ರೀ. ಕುಬಸ ಮಾಡಿಸಿ ಕರ್ಕೊಂಡು ಬರ್ಬೇಕು. ಎರಡು ದಿನ ಬಿಡ್ರಿ."

ನಮ್ಮ ಕಡೆ ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಏಳರಲ್ಲಿ, ತಪ್ಪಿದರೆ ಒಂಬತ್ತರಲ್ಲಿ, ತವರಿನ ಗಂಡಸೊಬ್ಬ ಸೀರೆ, ಬಳೆ, ಬುತ್ತಿ ತೆಗೆದುಕೊಂಡು ನೆಂಟನಾಗಿ ಹೋಗಿ, ಕೂತು ಉಂಡು, ಬಸುರಿಗೆ ಹಸಿರು ಕುಬಸ, ಅಂದರೆ ರವಿಕೆ, ತೊಡಿಸಿ ಆರತಿ ಎತ್ತಿಸಿ ಕರೆತರಬೇಕು. ಎಂಟರಲ್ಲಿ ಹೊಸ್ತಿಲು ದಾಟಿಸುವುದಿಲ್ಲ. ಇದು ನನಗೂ ಗೊತ್ತಿದ್ದದ್ದೇ. "ಹೋಗಿ ಬನ್ರಿ, ಕೇಳೋದೇನು" ಎಂದು ಅವರೆದುರಿಗೇ 'ರಜ' ಮನೆಯಲ್ಲಿ ಹೆಸರು ಬರೆದೆ. ಅವರು ಅದನ್ನು ಓದಿಕೊಂಡು ಹೋದರು.

ನನ್ನ ಧೈರ್ಯಕ್ಕೆ ಕಾರಣವಿತ್ತು. ಆ ವಾರ ಹೊಸ ಡ್ರೈವರೊಬ್ಬ ಬಂದಿದ್ದ. ಮಿಲಿಟರಿಯಲ್ಲಿ ಲಾರಿ ಓಡಿಸಿ ಬಂದವನು; ಮೀಸೆ, ಬೂಟು, ಸಲಾಮು ಎಲ್ಲ ನೋಡಿ ಮಾಲೀಕರು ಕರಗಿಹೋದರು. ಪರೀಕ್ಷೆಗೆಂದು ಅಂಜನಾಪುರದ ತನಕ ಜನರನ್ನು ಹತ್ತಿಸಿ ಕಳಿಸಿದೆವು. ಗಾಡಿ ಚೆನ್ನಾಗಿಯೇ ಓಡಿಸಿದ. ನಿಲ್ಲಿಸಲಿಲ್ಲ, ಅಷ್ಟೆ. ಕೈ ಅಡ್ಡ ಮಾಡಿದವರು ಮಾಡಿದ ಹಾಗೇ ನಿಂತರು, ಇಳಿಯಬೇಕಾದವರು ಕಂಡಕ್ಟರನ ಕೈ ಹಿಡಿದು ಕೂಗಿದರು, ಗಾಡಿ ಜಲಾಶಯದ ಏರಿಯ ಹತ್ತಿರ ಹೋಗಿ ನಿಂತಿತು. ಯಾಕಪ್ಪಾ ಎಂದರೆ, "ಮಿಲಿಟರೀಲಿ ಸಾಲಾಗಿ ಹೋಗೋದು, ಮುಂದಿನ ಗಾಡಿ ನಿಂತ್ರೆ ನಾನು ನಿಲ್ಸೋದು. ಮುಂದೆ ಗಾಡೀನೇ ಇರ್ಲಿಲ್ಲ" ಎಂದ. ತಿದ್ದಬಹುದಾಗಿತ್ತು, ಒಳ್ಳೆಯ ಕೈ. ಆದರೆ ಪ್ರಯಾಣಿಕರು ಅಂದ ಮಾತು ಅವನ ಮೀಸೆಗೆ ತಗುಲಿ, ಮರುದಿನವೇ ಅವನೂ ಅಣೆಕಟ್ಟಿನ ದಾರಿ ಹಿಡಿದ.

ಆ ಸಂಜೆ ಹಿರಿಯ ಡ್ರೈವರ ಹೆಸರನ್ನು ರಜೆಯ ಮನೆಯಿಂದ ಒರೆಸಿ ಶಿವಮೊಗ್ಗದ ಎದುರು ಬರೆದೆ. ಹೇಳಿಕಳಿಸುವ ಧೈರ್ಯವಾಗಲಿಲ್ಲ, ಅವರೇ ಬೆಳಿಗ್ಗೆ ಬಂದು ಓದಿಕೊಳ್ಳಲಿ ಎಂದು ಬಿಟ್ಟೆ. ಓದಿಕೊಂಡರು. ಕೀಲಿ ತೆಗೆದುಕೊಂಡರು. ನಾನು ಟಿಕೆಟ್ಟಿನ ಕಟ್ಟು ಎಣಿಸುತ್ತಿರುವಂತೆ ತಲೆ ಬಗ್ಗಿಸಿ ಕೂತಿದ್ದೆ.

ಆಮೇಲೆ ಅವರೊಂದು ಮಾತು ಹೇಳಿದರು, ಜಗಳದ ಹಾಗಲ್ಲ. "ಒಂಬತ್ತರಾಗೆ ಮಾತ್ರ ತಪ್ಪಿಸ್ಬ್ಯಾಡ್ರಿ. ಕರೆಯಾಕೆ ಯಾರೂ ಬರ್ಲಿಲ್ಲ ಅಂತ ಒಂದು ಮಾತು ಬಿದ್ರೆ, ಅದು ಸಾಯೋತನಕ ಆ ಹುಡುಗಿ ಬೆನ್ನಿಗೆ ಇರ್ತದೆ. ನಂದು ಇರ್ಲಿ, ಅವಳ ಮುಖ ನೋಡ್ರಿ."

"ಖಂಡಿತ" ಎಂದೆ. ಖಂಡಿತ ಎಂಬುದನ್ನು ನಾನು ಆ ದಿನಗಳಲ್ಲಿ ಬಹಳ ಜನಕ್ಕೆ ಹೇಳುತ್ತಿದ್ದೆ.

ಎಂಟನೇ ತಿಂಗಳು ಕಳೆಯುತ್ತಿದ್ದಾಗ ಸೊರಬದ ಡ್ರೈವರು ನನ್ನ ಮೇಲೆ ಹರಿಹಾಯ್ದರು. ಊರು ಸೊರಬ, ಮೂವರಲ್ಲಿ ಚಿಕ್ಕವರು, ಬಾಯಿ ಜೋರು. ಅವತ್ತು ಟಾಪಿಗೆ ಮೂಟೆ ಹೇರುವಷ್ಟರಲ್ಲಿ ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಮಲಗಿಬಿಟ್ಟಿದ್ದರು. ಕಂಡಕ್ಟರು ಅಲ್ಲಾಡಿಸಿ ಎಬ್ಬಿಸಬೇಕಾಯಿತು. ನಾನು, "ನಿನ್ನೆ ಉಳವಿ ಹಾಲ್ಟು ಮಾಡಿದ್ದೀರಿ, ರಾತ್ರಿಯಿಡೀ ಮಲಗಿದ್ದೀರಿ, ಇದೇನಿದು?" ಎಂದೆ.

"ಮಲಗದು? ನೀವು ಎಂಥ ಅಂದ್ಕಂಡೀರಿ ಮಾರಾಯ್ರೆ ಹಾಲ್ಟು ಅಂದ್ರೆ?" ಎಂದರು. "ಉಳವೀಲಿ ನಮಗೆ ದಿನಾ ಒಂದೊಂದು ಮನೇಲಿ ಊಟ. ಸರದಿ ಹಚ್ಚಿಕಂಡಾರೆ. ಬೇಡ ಅನ್ನಂಗಿಲ್ಲ, ಅನ್ನದ ಮೇಲೆ ಸಿಟ್ಟು ಅಂತಾರೆ. ಉಂಡ ಮೇಲೆ ಜಗುಲೀಲಿ ಕೂರಿಸ್ಕತಾರೆ. ಶಿವಮೊಗ್ಗದ ಔಷಧಿ ಬಂತನ, ಸೊರಬದ ಕೇಸು ಏನಾತು, ಅಳಿಯ ಸಿಕ್ಕಿದ್ನ, ಈ ನಯಾ ಪೈಸೆ ಲೆಕ್ಕ ಒಂಚೂರು ಹೇಳಿಕೊಡಿ... ಅವ್ರ ಹತ್ರ ಪೇಪರ್ ಇಲ್ಲ, ಪೋಸ್ಟು ವಾರಕ್ಕೊಂದು ಸಲ. ನಾವೇ ಎಲ್ಲ. ಮಲಗಷ್ಟೊತ್ತಿಗೆ ಕೋಳಿ ಕೂಗಕ್ಕೆ ಬರ್ತದೆ. ನೀವು ಹಲಗೆ ಮೇಲೆ ಬರೀತೀರಿ, ವಿಶ್ರಾಂತಿ!"

ಇಷ್ಟು ವರ್ಷ ಉಳವಿಗೆ ಗಾಡಿ ಕಳಿಸಿದ್ದೇನೆ, ಒಂದು ರಾತ್ರಿಯೂ ಅಲ್ಲಿ ತಂಗಿಲ್ಲ. ನನ್ನ ಲೆಕ್ಕವೆಲ್ಲ ನಿಂತಿದ್ದದ್ದು ಆ ಒಂದು ರಾತ್ರಿಯ ನಿದ್ದೆಯ ಮೇಲೆ, ಆ ನಿದ್ದೆಯೇ ಇರಲಿಲ್ಲ. ಇದು ತಿಳಿದ ಮೇಲಾದರೂ ಹಲಗೆ ಒರೆಸಬೇಕಾಗಿತ್ತು. ಮಾಲೀಕರ ಮುಖ, ಪರ್ಮಿಟ್ಟು, ಜಾಣರು ಎಂಬ ಮಾತು ಎಲ್ಲ ನೆನಪಾಗಿ, ಇನ್ನೊಂದು ವಾರ ನೋಡೋಣ ಎಂದುಕೊಂಡೆ.

ದೀಪಾವಳಿ ಕಳೆದು ತಿಂಗಳಾಗುತ್ತಾ ಬಂತು, ಒಂಬತ್ತು ಬಿತ್ತು. ಬೀಗರು ಗಾಡಿಯಲ್ಲೇ ಹೇಳಿಕಳಿಸಿದರು: ಸೋಮವಾರ ಒಳ್ಳೆಯ ದಿನ, ಭಾನುವಾರ ಸಂಜೆಗೆ ಬರಲಿ, ಕುಬಸ ಮಾಡಿ ಬೆಳಿಗ್ಗೆ ಕಳಿಸುತ್ತೇವೆ. ಹಿರಿಯ ಡ್ರೈವರು ಮತ್ತೆ ಟೋಪಿ ಕೈಯಲ್ಲಿ ಹಿಡಿದು ನಿಂತರು. ಡ್ರೈವರು ಮಾತ್ರ ಇನ್ನೂ ಮೂವರೇ. ಹಲಗೆ ನೋಡಿದೆ. ಭಾನುವಾರ ಉಳವಿ ಹಾಲ್ಟು ಮೂರನೆಯವನದು. ಆಗ ನನಗೆ ಹೊಳೆಯಿತು. ಹೊಳೆದಾಗ ಎಷ್ಟು ಖುಷಿಯಾಯಿತೆಂದು ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

"ಭಾನುವಾರ ಉಳವಿ ಗಾಡಿ ನೀವೇ ತಗೊಂಡು ಹೋಗ್ರಿ!" ಎಂದೆ. "ಸಂಜೆ ಬೀಗರ ಮನೆ, ಬೆಳಿಗ್ಗೆ ಮಗಳನ್ನ ಮುಂದಿನ ಸೀಟಿನಾಗೆ ಕೂರಿಸ್ಕೊಂಡು ಬನ್ರಿ. ಡ್ಯೂಟಿನೂ ಆಯ್ತು, ಮಗಳೂ ಬಂದಂಗಾಯ್ತು."

ಅವರು ಕೈಯಲ್ಲಿದ್ದ ಟೋಪಿ ನೋಡಿದರು. "ಬೀಗರ ಮನೆಗೆ ಖಾಕಿಯಾಗೆ ಹೋಗ್ಲೇನ್ರೀ?"

"ಬಟ್ಟೆ ಬದಲಾಯಿಸ್ಕೊಳ್ರಿ. ಅದೇನು ಮಹಾ!"

"ಬಟ್ಟೆ ಬದಲಾಯಿಸ್ಬೋದು," ಎಂದು ಇನ್ನೇನೋ ಹೇಳಲು ಹೋಗಿ ಬಿಟ್ಟರು. ಎಲ್ಲರ ಹೆಣ್ಣುಮಕ್ಕಳನ್ನೂ ತವರಿಗೆ ಮುಟ್ಟಿಸುವ ಮನುಷ್ಯನಿಗೆ ತನ್ನ ಮಗಳನ್ನು ಕರೆಯಲು ನೆಂಟನಾಗಿ ಹೋಗಬೇಕೆಂಬ ಆಸೆ ಇರಬಹುದೆಂದು ನನ್ನ ತಲೆಗೆ ಹೋಗಲಿಲ್ಲ. ಅರ್ಧಕ್ಕೆ ಬಿಟ್ಟ ಮಾತನ್ನು ಒಪ್ಪಿಗೆ ಎಂದುಕೊಂಡು ಬರೆದುಬಿಟ್ಟೆ.

ಭಾನುವಾರ ಅವರು ಶಿವಮೊಗ್ಗದಿಂದ ಬಂದಾಗ ಅವರ ಹೆಂಡತಿ ಸ್ಟ್ಯಾಂಡಿನಲ್ಲಿ ಕಾದಿದ್ದರು. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಅವರು ಉಳವಿಗೆ ಹೋಗುವಂತಿರಲಿಲ್ಲ. ಕೈಯಲ್ಲಿ ಕರ್ಜಿಕಾಯಿ, ಚಕ್ಕುಲಿ ತುಂಬಿದ ತಗಡಿನ ಡಬ್ಬ. ಹಸಿರು ಕುಬಸದ ಕಣ, ಸೀರೆ, ಬಳೆ ಕಟ್ಟಿದ ಗಂಟು. ಇಸ್ತ್ರಿ ಮಾಡಿದ ಪಂಚೆ, ಕೋಟು, ರುಮಾಲು ಒಂದು ಪೇಪರಿನಲ್ಲಿ. ಎಲ್ಲವನ್ನೂ ಡ್ರೈವರು ಸೀಟಿನ ಹಿಂದೆ ಜೋಡಿಸಿಕೊಂಡರು. ಆ ಗಂಟು ಕಂಡು ನನಗೆ ಒಂಥರಾ ಹೆಮ್ಮೆಯಾಯಿತು, ನಾನೇ ಹೊಂದಿಸಿಕೊಟ್ಟ ಕಾರ್ಯವೆಂದು. "ನಾಳೆ ಮಗಳು ಬಂದ ಮೇಲೆ ನಮಗೂ ಕರ್ಜಿಕಾಯಿ ಬರಲಿ ತಾಯಿ" ಎಂದೂ ಅಂದೆ.

ಸೋಮವಾರ ಉಳವಿ ಗಾಡಿ ಹೊತ್ತಾಗಿ ಬಂತು. ಮುಂದಿನ ಸೀಟಿನಲ್ಲಿ ಯಾರೋ ಇಬ್ಬರು ಗಂಡಸರು ಕೂತಿದ್ದರು. ಹಿಂದೆ ನೋಡಿದೆ, ಮಗಳಿಲ್ಲ. ಡ್ರೈವರು ಇಳಿದರು, ಖಾಕಿಯಲ್ಲೇ. ಮೇಲಿನ ಗುಂಡಿ ಬಿಚ್ಚಿತ್ತು. ಕಿಟಕಿಯ ಹತ್ತಿರ ಬಂದು ಮೊಳೆಗೆ ನೇತುಹಾಕಿದ್ದ ಬಂದಳಿಕೆ ಗಾಡಿಯ ಕೀಲಿ ತೆಗೆದುಕೊಂಡು, ನೀರು ಕುಡಿದು ಹೊರಟರು. ನಾನು "ಏನಾಯ್ತ್ರೀ?" ಎಂದರೆ "ಹೊತ್ತಾಗೈತಿ, ಬಂದಳಿಕೆ ಜನ ಕಾಯ್ತಾರೆ" ಎಂದರು, ಅಷ್ಟೆ.

ಉಳವಿ ಗಾಡಿಯ ಕಂಡಕ್ಟರನ್ನು ಒಳಗೆ ಕರೆದು ಕೇಳಿದೆ. ಅವನು ಬೀಡಿ ಹಚ್ಚಿ, ಸೇದದೆ ಹಿಡಿದುಕೊಂಡೇ ಹೇಳಿದ.

ಭಾನುವಾರ ಸೊರಬದಲ್ಲಿ ಮೂಟೆ ಹೇರುವುದು ತಡವಾಗಿ ಗಾಡಿ ಉಳವಿ ಸೇರುವಾಗ ದೀಪ ಹಚ್ಚಿ ಬಹಳ ಹೊತ್ತಾಗಿತ್ತು. ಆರತಿಗೆಂದು ಕಾದಿದ್ದ ಹೆಂಗಸರು ಮನೆಗೆ ಹೋಗಿಬಿಟ್ಟಿದ್ದರು. ಇಳಿದ ಕೂಡಲೇ ಜನ ಮುತ್ತಿಕೊಂಡರು, ಔಷಧಿ, ಸುದ್ದಿ, ಎಂದಿನಂತೆ. ಎಲ್ಲರಿಗೂ ಹೇಳಿ ಮುಗಿಸಿ, ಗಾಡಿಯ ಹಿಂದೆ ನಿಂತು ಪಂಚೆ ಕೋಟು ತೊಟ್ಟು, ರುಮಾಲು ಸುತ್ತಿ ಬೀಗರ ಮನೆಗೆ ಹೋದರು. ಹೋಳಿಗೆ ಮಾಡಿದ್ದರು. ಎಲೆಯ ಮುಂದೆ ಕೂರಿಸಿ ಬಡಿಸಿದರು. ಬೀಗರು ಕಾಯಿಹಾಲು ಹಾಕುತ್ತಾ ಮಾತಾಡಿಸಿದರೆ ಉತ್ತರವಿಲ್ಲ.

"ನಿದ್ದೆ ಹತ್ತಿಬಿಟ್ಟಿತ್ತು ರೈಟ್ರೇ," ಎಂದ ಕಂಡಕ್ಟರು. "ಹೋಳಿಗೆ ಮೇಲೆ ಕೈ ಇಟ್ಕೊಂಡು ಹಂಗೇ ಕುಂತಲ್ಲೇ. ರುಮಾಲು ಜಾರಿ ಎಲೆ ಮೇಲೆ ಬಿತ್ತು. ನಾನು ಪಕ್ಕದಾಗೆ ಇದ್ದೆ, ತಿವಿದೆ, ಏಳ್ಲಿಲ್ಲ. ಅಲ್ಲಿ ಹುಡುಗ್ರು ನಕ್ಕುಬಿಟ್ವು. ಮಗಳು ಬಾಗಿಲ ಹಿಂದೆ ನಿಂತಿತ್ತು. ಒಳಗೆ ಹೋತು."

ಬೀಗರು ಒಳ್ಳೆಯವರೇ. "ಇರ್ಲಿ, ಮಲಿಕಳ್ಳಿ, ಬೆಳಿಗ್ಗೆ ಮಾಡನ" ಎಂದು ಕೈ ತೊಳೆಸಿ ಚಾಪೆ ಹಾಸಿಕೊಟ್ಟರು. ಬೆಳಿಗ್ಗೆ ಮತ್ತೆ ಹೆಂಗಸರನ್ನು ಮನೆಮನೆಗೆ ಹೋಗಿ ಕರೆಯಬೇಕಾಯಿತು. ಅವರು ಮಿಂದು, ಸೀರೆಯುಟ್ಟು ಬರುವಷ್ಟರಲ್ಲಿ ಗಾಡಿ ಹೊರಡುವ ಹೊತ್ತು. ಕುಬಸ ತೊಡಿಸಿ ಮಣೆಯ ಮೇಲೆ ಕೂರಿಸಿದರು, ಆರತಿ ಎತ್ತಬೇಕು ಅನ್ನುವಾಗ ಮನೆಯ ಹಿರಿಯರು ರಾಹುಕಾಲ ಬಂತು, ಇದರಲ್ಲಿ ತುಂಬಿದ ಬಸುರಿಯನ್ನು ಹೊಸ್ತಿಲು ದಾಟಿಸಬಾರದು ಎಂದರು. ಬೀಗರು, "ಗಾಡಿ ಒಂಚೂರು ನಿಲ್ಸಕ್ಕೆ ಆಗದಿಲ್ಲನ?" ಎಂದು ಕೇಳಿದರು. ಡ್ರೈವರು ಹೊರಗೆ ಬಂದು ನೋಡಿದರು. ಗಾಡಿ ತುಂಬಾ ಜನ. ಸೊರಬದ ಕೋರ್ಟಿಗೆ ಹೋಗುವವರು. ಶಿವಮೊಗ್ಗದ ಆಸ್ಪತ್ರೆಗೆಂದು ಕಂಬಳಿ ಹೊದೆಸಿ ಮಲಗಿಸಿದ್ದ ಒಬ್ಬ ಮುದುಕ. ಅವನು ಶಿಕಾರಿಪುರದಲ್ಲಿ ಬೇರೆ ಕಂಪನಿಯ ಮಧ್ಯಾಹ್ನದ ಗಾಡಿ ಹಿಡಿಯಬೇಕು. ಡ್ರೈವರು ಆದಷ್ಟು ಹೊತ್ತು ನಿಂತರು. ಒಳಗೆ ಹೋಗುವುದು, ಹೊರಗೆ ಬರುವುದು. ಜನ ಗೊಣಗತೊಡಗಿದರು.

"ಕೊನೆಗೆ ಆ ಹುಡುಗೀನೇ ಹೇಳ್ತು," ಎಂದ ಕಂಡಕ್ಟರು. "ಮಣೆ ಮ್ಯಾಲಿಂದಾನೇ. 'ಅಪ್ಪಾ, ಗಾಡಿಗೆ ಹೊತ್ತಾತು. ನೀ ಹೋಗು. ಜನ ಕಾಯ್ತಾರೆ' ಅಂತ. ಡ್ರೈವರ ಮಗಳು ನೋಡ್ರಿ."

ಡ್ರೈವರು ಗಾಡಿಯ ಹಿಂದೆ ಹೋಗಿ ಖಾಕಿ ಹಾಕಿಕೊಂಡು ಬಂದು ಹತ್ತಿದರು. ಉಳವಿಯಿಂದ ಹೊರಡುವಾಗ ಮೂರು ಸಲ ಹಾರ್ನು ಹೊಡೆಯುವುದು ರೂಢಿ, ಗದ್ದೆಯಾಚೆಯವರು ಓಡಿಬರಲಿ ಎಂದು.

"ಇವತ್ತು ಹೊಡೀಲಿಲ್ಲ. ಕೈ ಹಾರ್ನಿನ ಮ್ಯಾಲೆ ಇತ್ತು, ಒತ್ಲಿಲ್ಲ. ಹಂಗೇ ಸುಮ್ಮನೆ ಬಿಟ್ರು ಗಾಡೀನ. ಗದ್ದೆ ಕಡೆಯೋರು ಇಬ್ರು ಮೂವರು ತಪ್ಪಿಸ್ಕೊಂಡ್ರು."

ಕಂಡಕ್ಟರು ಹೋದ ಮೇಲೆ ನಾನು ಹಲಗೆಯ ಮುಂದೆ ನಿಂತೆ. ಉಳವಿ ಸಾಲನ್ನು ಗಾಡಿ ಹಿಂದಕ್ಕೆ ಬರುವ ತನಕ ಒರೆಸುತ್ತಿರಲಿಲ್ಲ, ಭಾನುವಾರದ್ದು ಇನ್ನೂ ಇತ್ತು. ಉಳವಿ ಎಂಬುದರ ಎದುರು ನನ್ನ ದುಂಡನೆಯ ಅಕ್ಷರದಲ್ಲಿ ಅವರ ಹೆಸರು. ಒಬ್ಬ ಮನುಷ್ಯನನ್ನು ಅವನ ಬೀಗರ ಮನೆಯ ಎಲೆಯ ಮುಂದೆ, ಮಗಳ ಕಣ್ಣೆದುರಿಗೆ, ಹುಡುಗರು ನೋಡಿ ನಗುವಂತೆ ಮಾಡಿದ್ದು ಆ ಅಕ್ಷರ. ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನೀರು ಕುಡಿದು ಬಂದಳಿಕೆಗೆ ಹೋದರಲ್ಲ, ಅದನ್ನು ತಡೆಯಲಾಗಲಿಲ್ಲ. ನನಗೆ ಅಳು ಬಂತು. ಟಿಕೆಟ್ಟಿಗೆ ಬಂದವರೊಬ್ಬರು ಕಣ್ಣಿಗೆ ಸುಣ್ಣ ಬಿತ್ತಾ ಎಂದು ಕೇಳಿದರು, ಹೌದೆಂದೆ.

ಒದ್ದೆ ಬಟ್ಟೆ ತೆಗೆದುಕೊಂಡು ಮೊದಲು ಬಂದಳಿಕೆ ಎಂಬುದನ್ನು ಒರೆಸಿದೆ. ಆ ಜಾಗದಲ್ಲಿ 'ಮುಂದೆ ತಿಳಿಸುವ ತನಕ ಗಾಡಿ ಇಲ್ಲ' ಎಂದು ಬರೆದೆ. ಮಾಲೀಕರನ್ನು ಕೇಳಲಿಲ್ಲ. ಕೇಳಿದರೆ ಮತ್ತೆ ಜಾಣನಾಗಿಬಿಡುತ್ತೇನೆಂಬ ಹೆದರಿಕೆ.

ಸುದ್ದಿ ಗಿರಣಿಗೆ ಮುಟ್ಟಲು ತಡವಾಗಲಿಲ್ಲ. ಮಾಲೀಕರು ತೌಡಿನ ಮೈಯಲ್ಲೇ ಬಂದರು.

"ಯಾರನ್ನ ಕೇಳಿ ಬರೆದ್ರಿ ಇದನ್ನ?"

"ಯಾರನ್ನೂ ಕೇಳಿಲ್ರಿ. ಮೂವರು ಡ್ರೈವರು, ಮೂರೇ ಗಾಡಿ. ಸ್ಟೇರಿಂಗಿನ ಮೇಲೆ ಮಲಗ್ತಾ ಇದಾರೆ ಅವರು. ಪರ್ಮಿಟ್ ಹೋದ್ರೆ ಒಂದು ರೂಟು ಹೋಗ್ತದೆ. ಕೆರೆ ಏರಿ ಮೇಲೆ ಒಂದ್ಸಲ ಕಣ್ಣು ಮುಚ್ಚಿದ್ರೆ ಗಾಡಿ ತುಂಬ ಜನ ಹೋಗ್ತಾರೆ."

"ಇಷ್ಟು ದಿನ ಹೊಂದಿಸಿದ್ರಲ್ಲ?"

"ಅದೇ ತಪ್ಪಾಗಿದ್ದು. ನನ್ನ ಬಿಡಿಸ್ರಿ ಬೇಕಾದ್ರೆ. ಹಲಗೆ ಮಾತ್ರ ಒರೆಸಲ್ಲ."

ಅವರು ಬಹಳ ಹೊತ್ತು ಕೂಗಾಡಿದರು. ನನ್ನನ್ನು ಬಿಡಿಸಲಿಲ್ಲ, ಬಿಡಿಸಿದರೆ ಹಲಗೆ ಬರೆಯುವವನೂ ಅಣೆಕಟ್ಟಿಗೆ ಹೋಗುತ್ತಾನೆಂದು ಅಂಜಿರಬೇಕು. ಕೊನೆಗೆ ಶಿವಮೊಗ್ಗಕ್ಕೆ ಹೋಗಿ, ಗಾಡಿ ರಿಪೇರಿಯಲ್ಲಿದೆ ಎಂದು ಅರ್ಜಿ ಕೊಟ್ಟು ಸ್ವಲ್ಪ ದಿನದ ವಾಯಿದೆ ತಂದರು. ವಾಯಿದೆ ಇಷ್ಟು ಸುಲಭವಾಗಿ ಸಿಗುತ್ತದೆಂದು ಗೊತ್ತಾದಾಗ ನನಗೆ ಸಮಾಧಾನವಾಗಲಿಲ್ಲ. ಮಹಾನವಮಿಯಲ್ಲೇ ಕೇಳಬಹುದಾಗಿತ್ತಲ್ಲ. ಬಂದಳಿಕೆಯ ಜನ ಬುತ್ತಿ ಕಟ್ಟಿಕೊಂಡು ಶಿರಾಳಕೊಪ್ಪದ ರಸ್ತೆಯ ತನಕ ನಡೆದು ಬರತೊಡಗಿದರು. ಬಂದವರು ನನ್ನನ್ನು ಬೈದರು, ಬೈಸಿಕೊಂಡೆ.

ಹಿರಿಯ ಡ್ರೈವರಿಗೆ ಹೇಳಿದೆ: ಪಂಚಾಂಗ ನೋಡಿಸಿಕೊಂಡು ಬನ್ರಿ, ಯಾವ ದಿನ ಅಂತೀರೋ ಆ ದಿನ, ಎರಡು ದಿನ ಪೂರ್ತಿ, ಗಾಡಿಯಲ್ಲಿ ಪ್ರಯಾಣಿಕನಾಗಿ ಕೂತು ಹೋಗಿ ಬನ್ರಿ. ಅವರು ಗುರುವಾರ ಎಂದರು. ಗುರುವಾರ, ಶುಕ್ರವಾರ ಎರಡೂ ದಿನ 'ರಜ' ಮನೆಯಲ್ಲಿ ಅವರ ಹೆಸರು ಬರೆದು ಸುತ್ತ ಗೆರೆ ಎಳೆದೆ. ಅವರು ಗೆರೆಯನ್ನು ನೋಡಿ ಮೆಲ್ಲಗೆ ನಕ್ಕರು. ಆ ತಿಂಗಳುಗಳಲ್ಲಿ ನಾನು ಕಂಡ ಮೊದಲ ನಗು.

ಬುಧವಾರ ಉಳವಿಯಿಂದ ಬಂದ ಗಾಡಿ ಸ್ಟ್ಯಾಂಡಿನ ತಿರುವಿನಲ್ಲೇ ಹಾರ್ನು ಹೊಡೆಯತೊಡಗಿತು. ಓಡಿಸುತ್ತಿದ್ದವರು ಸೊರಬದ ಡ್ರೈವರು. ಗಾಡಿ ನಿಲ್ಲುವ ಮೊದಲೇ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದರು: "ಹೆಣ್ಣು! ತಾಯಿ ಮಗು ಇಬ್ರೂ ಆರಾಮ! ಬೆಳಗಿನ ಜಾವ ಆತು!" ಬೀಗರು ಕಳಿಸಿದ ಸಕ್ಕರೆ ಪೊಟ್ಟಣ ಬಿಚ್ಚಿ ಎಲ್ಲರ ಕೈಗೂ ಹಾಕಿದರು. ಹಿರಿಯ ಡ್ರೈವರನ್ನು ಅಪ್ಪಿಕೊಂಡರು, ಬೆನ್ನು ತಟ್ಟಿದರು, ಅಜ್ಜ ಎಂದು ಕರೆದು ಗೇಲಿ ಮಾಡಿದರು. ಅವರೂ ನಕ್ಕರು, ಸಕ್ಕರೆ ತಿಂದರು, ಕಣ್ಣು ಒರೆಸಿಕೊಂಡರು. ನನ್ನ ಕೈಗೂ ಸಕ್ಕರೆ ಬಿತ್ತು. ಎಲ್ಲ ಸುಸೂತ್ರವಾಗಿತ್ತು, ದೇವರು ದೊಡ್ಡವನು. ಕರೆಯಲು ಬಂದವನು ನಿದ್ದೆ ಮಾಡಿ ಹೋದ ಎಂಬ ಮಾತು ಮಾತ್ರ ಉಳವಿಯಲ್ಲಿ ಉಳಿಯಿತು.

ಜನ ಕರಗಿದ ಮೇಲೆ ಹೇಳಿದೆ: "ರಜ ಹಂಗೇ ಇದೆ. ನಾಳೆ ಹೋಗಿ ಮೊಮ್ಮಗಳ ಮುಖ ನೋಡಿ ಬನ್ರಿ."

ಅವರು ಹಲಗೆಯ ಕಡೆ ನೋಡಿದರು. "ಇನ್ನ ರಜ ಯಾಕ್ರೀ," ಎಂದರು. "ಉಳವಿ ಗಾಡಿ ನನಗೇ ಹಾಕ್ರಿ. ಮೊಮ್ಮಗಳ ನೋಡಾಕೆ ಖಾಕಿ ಆದ್ರೂ ನಡೀತದೆ."

ಚುಚ್ಚಿ ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದರು.

ಗುರುವಾರ ಮಧ್ಯಾಹ್ನ ಅವರ ಹೆಂಡತಿ ಬಂದರು. ಅತ್ತೆಯನ್ನು ತಂಗಿಯ ಕೈಗೆ ಒಪ್ಪಿಸಿ, ಬಾಣಂತನ ಮಾಡಲು ತಾವೇ ಉಳವಿಗೆ ಹೊರಟಿದ್ದರು. ತವರಿಗೆ ಮಗಳು ಬರದಿದ್ದರೆ ತವರೇ ಹೋಗಬೇಕಲ್ಲ. ಬಾಣಂತಿ ಖಾರದ ಭರಣಿ, ಹಳೆ ಸೀರೆ ಹರಿದು ಮಾಡಿದ ಮಗುವಿನ ಬಟ್ಟೆ, ಒಂದು ಕೊಳಗ. ಟಿಕೆಟ್ಟು ಕೇಳಿದರು. ಬೇಡ ತಾಯಿ ಎಂದೆ, ಕೇಳಲಿಲ್ಲ, ತೆಗೆದುಕೊಂಡರು. ನಾನು ಏನಾದರೂ ಹೇಳಲೇಬೇಕೆಂದು ತಡವರಿಸಿ, "ನನ್ನಿಂದ ನಿಮಗೆ ಬಹಳ..." ಎಂದೆ.

"ನೀವೇನ್ ಮಾಡ್ತೀರ್ರೀ," ಎಂದರು. "ಡ್ರೈವರುಗಳೇ ಇಲ್ವಂತಲ್ಲ. ಪಾಪ, ನಿಮಗೂ ನಿದ್ದಿ ಇದ್ದಂಗಿಲ್ಲ." ಸೆರಗಿನ ಗಂಟು ಬಿಚ್ಚಿ ಎರಡು ಕರ್ಜಿಕಾಯಿ ಕಿಟಕಿಯೊಳಗೆ ಇಟ್ಟರು. "ಅವತ್ತು ಕೇಳಿದ್ರಿ."

ಡ್ರೈವರು ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಭರಣಿ ಉರುಳದಂತೆ ಗೋಣಿ ಒತ್ತಿಟ್ಟು, ಖಾಕಿಯ ಮೇಲಿನ ಗುಂಡಿ ಹಾಕಿಕೊಂಡು ಗಾಡಿ ಬಿಟ್ಟರು. ಮೂರು ಸಲ ಹಾರ್ನು ಹೊಡೆದರು.

ನಾನು ಹಲಗೆಯ ಹತ್ತಿರ ಬಂದೆ. 'ರಜ' ಮನೆಯಲ್ಲಿ ಗೆರೆಯೊಳಗೆ ಅವರ ಹೆಸರು ಇನ್ನೂ ಇತ್ತು. ಬಟ್ಟೆ ಒದ್ದೆ ಮಾಡಿಕೊಂಡೆ, ಆದರೆ ಒರೆಸಲು ಕೈ ಬರಲಿಲ್ಲ. ಗುರುವಾರ, ಶುಕ್ರವಾರ ಹಾಗೇ ಬಿಟ್ಟೆ. ಹಲಗೆಯಲ್ಲಿ ಅವರು ಎರಡು ದಿನ ರಜೆಯ ಮೇಲಿದ್ದರು. ಆ ಎರಡೂ ದಿನ ಉಳವಿ ಗಾಡಿ ಓಡಿಸಿದವರು ಅವರೇ.